ಕಿವಿ ಟೆಸ್ಟ್ ಆಮೇಲೆ, ಮೊದಲು ಸೇನೆಗೆ ಭರ್ತಿಯಾದ ದಿನದ ಕಾಗದ ತರಿಸಿ

ಸೇನೆಯಿಂದ ನಿವೃತ್ತಿಯಾಗಿ 2 ವರ್ಷ ಆಯ್ತು, ಕಿವಿ ಮಂದವಾಗಿದೆ, ಯಾವ ಆಸ್ಪತ್ರೆಯ ಟೆಸ್ಟ್ ತೋರಿಸಿದರೆ ಡಿಸೆಬಿಲಿಟಿ ಪೆನ್ಷನ್ (ಸೇವೆಯಿಂದಾದ ಅಂಗವೈಕಲ್ಯಕ್ಕೆ ಕೊಡುವ ಪಿಂಚಣಿ) ಸಿಗುತ್ತದೆ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ಅಲೆದವನು.

ಆರ್ಟಿಲರಿಯಲ್ಲಿ, ಅಂದರೆ ಸೇನೆಯ ಫಿರಂಗಿ ದಳದಲ್ಲಿ 17 ವರ್ಷ ಇದ್ದೆ, ಜಾಸ್ತಿ ದಿನ ಗನ್ ಪಕ್ಕದಲ್ಲೇ. ಫೈರಿಂಗ್ ಆದ ಮೇಲೆ ಎರಡು ದಿನ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಗುತ್ತಿತ್ತು. ಎಲ್ಲರಿಗೂ ಆಗುತ್ತೆ ಅಂತ ಎಂಐ ರೂಮಿಗೆ (ಘಟಕದ ಚಿಕಿತ್ಸಾ ಕೊಠಡಿಗೆ) ಹೋಗಲಿಲ್ಲ. ಸೇವೆಯಿಂದ ಬಿಡುಗಡೆಯಾಗುವಾಗ ತಪಾಸಣೆ ಮಾಡುವ ಮೆಡಿಕಲ್ ಬೋರ್ಡಿನಲ್ಲಿ 'ಯಾವಾಗ, ಎಲ್ಲಿ ಶುರುವಾಯಿತು' ಅಂತ ಕೇಳಿದರು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ರಜೆಯಲ್ಲಿ ಬಂದಿದ್ದೆ, ಕದಿರು ತೆಗೆಯುವಾಗ ಪದ್ಧತಿಯಂತೆ ಅಣ್ಣ ಕೋವಿ ಹಾರಿಸಿದ, ಆಮೇಲೆ ಪಕ್ಕದಲ್ಲೇ ನಿಂತ ಅವ್ವನ ಮಾತು ಬಲಗಿವಿಗೆ ಕೇಳಲಿಲ್ಲ, ಅವತ್ತೇ ಗೊತ್ತಾಯಿತು ಸರ್ ಅಂದೆ. ನಾನು ಹೇಳಿದ್ದು ಗೊತ್ತಾದ ದಿನ. ಕಾಗದದಲ್ಲಿ ಬಿದ್ದದ್ದು ಶುರುವಾದ ದಿನ. ಜಾಗ: ಮನೆ, ರಜೆಯಲ್ಲಿ. ಓದದೆ ಸಹಿ ಹಾಕಿದೆ. ವರ್ಷಗಟ್ಟಲೆ ಗನ್ ಸದ್ದು ತಿಂದ ಕಿವಿ, ಆದರೆ ತಪ್ಪು ಮಾತ್ರ ಒಂದು ಕೋವಿ ಗುಂಡಿನದಾಯಿತು. ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಪೆನ್ಷನ್ ನಿರಾಕರಿಸಿದ ಪತ್ರ ಬಂತು. ಆ ಒಂದು ಸಾಲನ್ನು ಅಳಿಸಲು ಸಶಸ್ತ್ರ ಪಡೆಗಳ ಟ್ರಿಬ್ಯುನಲ್‌ವರೆಗೆ ಹೋಗಬೇಕಾಯಿತು, ಹಿಂದಿನ ಬಾಕಿ ಸಿಕ್ಕಿದ್ದು 3 ವರ್ಷದ್ದು ಮಾತ್ರ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಇವತ್ತಿನ ಟೆಸ್ಟ್ ಇವತ್ತು ಕಿವಿ ಹೇಗಿದೆ ಅಂತ ಹೇಳುತ್ತದೆ, ಯಾವಾಗ ಹಾಳಾಯಿತು ಅಂತ ಅಲ್ಲ. ಭರ್ತಿಯಾದ ದಿನದ ಮೆಡಿಕಲ್‌ನಲ್ಲಿ ಕಿವಿ ಸರಿಯಿತ್ತು ಅಂತ ಇದೆಯಲ್ವಾ, ಅದೇ ನಿಮ್ಮ ಬಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸೇರುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂತು ಅಂತ ಹಿಡಿಯಬೇಕು, ಅಲ್ಲ ಅಂತ ತೋರಿಸುವ ಹೊಣೆ ಸೇನೆಯದು. ಆದರೆ ಬೋರ್ಡ್ ಅಂಗವೈಕಲ್ಯವನ್ನು 20 ಶೇಕಡಾಕ್ಕಿಂತ ಕಡಿಮೆ ಬರೆದಿದ್ದರೆ ದಾರಿ ಕಷ್ಟ, ಆ ಅಂಕಿ ಮೊದಲು ನೋಡಿ.

ನಿಮ್ಮ ಸೇವಾ ದಾಖಲೆ ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಬರೆದು ಭರ್ತಿಯ ಮೆಡಿಕಲ್, ಬೋರ್ಡಿನ ಪ್ರತಿ ಎರಡನ್ನೂ ತರಿಸಿ. ಅರ್ಜಿ ಬರೆಯಲು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಶುರುವಾದ ಜಾಗ ಅಂತ ಏನು ಬರೆದಿದ್ದಾರೆ ನೋಡಿ, ಇಲ್ಲೇ ಹಾಕಿ, ನಾನು ಓದುತ್ತೇನೆ.