ಆಪ್ತಸಲಹೆ ಪ್ರಕರಣ: ‘ಕೋಟಾದಾಗೂ ಆಗ್ಲಿಲ್ಲ’

ಇಲ್ಲಿ ‘ಸ’ ಎಂದು ಕರೆದಿರುವ ಮಹಿಳೆಗೆ 31 ವರ್ಷ. ರಾಯಚೂರು ಕಡೆಯ ದಲಿತ ಕುಟುಂಬದವರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ರಾತ್ರಿ ಹೊತ್ತು ಇಂಗ್ಲಿಷಿನಲ್ಲಿ ವಿಜ್ಞಾನಕಥೆ, ಅದ್ಭುತಕಥೆಗಳನ್ನು ಬರೆಯುತ್ತಾರೆ. ಕವಿತೆಯನ್ನು ಮಾತ್ರ ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತರುತ್ತಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರು ಹೇಳಿಕೊಂಡು ಬಂದದ್ದು ನಿದ್ದೆಯ ತೊಂದರೆ. ಕಥೆ ಕಳುಹಿಸಿದ ಅಮೆರಿಕದ ಪತ್ರಿಕೆಗಳ ಉತ್ತರ ಬರುವುದು ಅಲ್ಲಿಯ ಹಗಲಿನಲ್ಲಿ, ಎಂದರೆ ನಮ್ಮ ರಾತ್ರಿಯಲ್ಲಿ; ಆದ್ದರಿಂದ ನಸುಕಿನ ಮೂರೂವರೆಗೆ ಎಚ್ಚರವಾಗಿ ಮೊಬೈಲು ನೋಡುವುದು ಅವರಿಗೆ ಚಟವಾಗಿತ್ತು. ಬರೆಯುವುದು ನಿಂತು ನಾಲ್ಕು ತಿಂಗಳಾಗಿತ್ತು. ಅದುವರೆಗೆ ಬಂದಿದ್ದ ಹದಿನಾಲ್ಕು ತಿರಸ್ಕಾರಗಳನ್ನು ಅವರು ಹೇಗೋ ನುಂಗಿಕೊಂಡಿದ್ದರು. ಹದಿನೈದನೆಯದು ಮಾತ್ರ, ಅಂಚಿನ ಸಮುದಾಯಗಳ ಲೇಖಕರನ್ನೇ ವಿಶೇಷವಾಗಿ ಆಹ್ವಾನಿಸಿದ್ದ ಪತ್ರಿಕೆಯಿಂದ ಬಂದದ್ದು, ಗಂಟಲಲ್ಲೇ ಉಳಿಯಿತು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಸಂಪಾದಕರು ನಿರಾಕರಿಸಿದ್ದು ಕಥೆಯನ್ನು, ನಿಮ್ಮನ್ನಲ್ಲ ಎಂದುಬಿಟ್ಟೆ. ಅವರು ನನ್ನನ್ನೇ ದಿಟ್ಟಿಸಿ, “ಮೇಡಂ, ಅವ್ರು ಕರದಿದ್ದು ನನ್ನನ್ನಲ್ಲೇನು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರಿಗೂ ತೆರೆದ ಬಾಗಿಲು ಮುಚ್ಚಿಕೊಂಡರೆ ಆಗುವ ನೋವು ಒಂದು ಬಗೆಯದು, ನಿಮ್ಮಂಥವರಿಗಾಗಿಯೇ ಇಟ್ಟ ಬಾಗಿಲು ಮುಚ್ಚಿಕೊಂಡಾಗಿನದು ಇನ್ನೊಂದು ಬಗೆಯದು ಎಂಬುದನ್ನು ಒಪ್ಪಿಕೊಂಡ ಮೇಲೆಯೇ ನಮ್ಮ ಮಾತು ಮುಂದುವರಿದದ್ದು.

ಎರಡನೆಯ ಭೇಟಿಗೆ ತಾವು ಕಥೆಯ ಜೊತೆ ಸಂಪಾದಕರಿಗೆ ಕಳುಹಿಸಿದ್ದ ಕವರ್ ಲೆಟರಿನ ಪ್ರತಿಯನ್ನು ತಂದರು. ಒಂದೂವರೆ ಪುಟ. ಕಥೆಯ ಬಗ್ಗೆ ಅದರಲ್ಲಿ ಎರಡೇ ಸಾಲು. ಉಳಿದದ್ದೆಲ್ಲ ಒಂಬತ್ತನೆಯ ವಯಸ್ಸಿನಲ್ಲಿ ಜಾತ್ರೆಯೊಂದರಲ್ಲಿ ನಡೆದ ಘಟನೆ. ಪತ್ರಾವಳಿ ಹಾಕಿ, ಉಪ್ಪು ಬಡಿಸಿ, ಅನ್ನದ ಬುಟ್ಟಿ ಎರಡು ಎಲೆಯಾಚೆಗೆ ಬಂದಿದ್ದಾಗ ಯಾರೋ ಇವರ ಅವ್ವನ ಹೆಸರು ಹಿಡಿದು ಕೇಳಿ, ಮಗುವನ್ನು ಪಂಕ್ತಿಯಿಂದ ಎಬ್ಬಿಸಿದ್ದರು. ಆ ಕಥೆಗೂ ಈ ಘಟನೆಗೂ ಸಂಬಂಧವಿರಲಿಲ್ಲ. ಕಥೆ ನೀರು ಬತ್ತಿದ ಮೇಲೂ ಮಾತಾಡುವ ಕೆರೆಯೊಂದರದು. ಹಾಗಾದರೆ ಇದನ್ನು ಬರೆದದ್ದೇಕೆ ಎಂದು ಕೇಳಿದಾಗ, “ಅರ್ಹತೆ ತೋರಿಸಬೇಕಲ್ಲ” ಎಂದರು. ಕಾಲೇಜಿನಲ್ಲಿ ಸಹಪಾಠಿಗಳು ಅವರ ಸೀಟನ್ನು ಕೋಟಾ ಎಂದು ಆಡಿಕೊಂಡಿದ್ದರಂತೆ. “ಈಗ ಕಥಿ ತಗೊಂಡ್ರ ಕೋಟಾ ಅಂತಾರ, ತಗೊಳ್ಳದಿದ್ರ ಕೋಟಾದಾಗೂ ಆಗ್ಲಿಲ್ಲ ಅಂತಾರ.”

ಯಾವ ಉತ್ತರ ಬಂದರೂ ಸೋಲೇ ಆಗುವ ಈ ಲೆಕ್ಕವನ್ನು ಬರಿಯ ಸಮಾಧಾನದ ಮಾತಿನಿಂದ ಬಿಡಿಸಲಾಗದು ಎನಿಸಿ, ಇಂಥ ಆಹ್ವಾನಗಳು ಎಲ್ಲಿಂದ ಬಂದವೆಂದು ಇಬ್ಬರೂ ಕೂತು ಓದಿದೆವು. ಫೈರ್‌ಸೈಡ್ ಎಂಬ ಪತ್ರಿಕೆ 2016ರಲ್ಲಿ ಒಂದು ಎಣಿಕೆಯನ್ನು ಪ್ರಕಟಿಸಿತು: ಹಿಂದಿನ ವರ್ಷ ವಿಜ್ಞಾನಕಥೆ, ಅದ್ಭುತಕಥೆಗಳ 63 ಪತ್ರಿಕೆಗಳಲ್ಲಿ ಬಂದ 2,039 ಕಥೆಗಳಲ್ಲಿ ಕಪ್ಪು ಲೇಖಕರವು 38 ಮಾತ್ರ. ಮರುವರ್ಷವೇ ಕಪ್ಪು ಲೇಖಕರಿಗಾಗಿ ‘ಫಾಯಾ’ ತ್ರೈಮಾಸಿಕ ಹೊರಟಿತು. ವಲಸಿಗರು ಮತ್ತು ಅವರ ಪೀಳಿಗೆಯವರಿಗೆಂದು ‘ಖೋರೇಯೋ’ 2021ರಲ್ಲಿ ಶುರುವಾಯಿತು. ಪಟ್ಟಿಯನ್ನು ನೋಡನೋಡುತ್ತ ಸ ಅವರು, ಇದು ಕರುಣೆಯಲ್ಲ, ಲೆಕ್ಕ ತಪ್ಪಿದ್ದನ್ನು ಸರಿಪಡಿಸುವ ಕೆಲಸ ಎಂದರು. ನಾನು ಹೇಳಿದ್ದರೆ ಇದು ಉಪದೇಶವಾಗುತ್ತಿತ್ತು. ಟೆಸ್ಟಿಂಗ್ ಮಾಡುವವರು ದೋಷವನ್ನು ತಾವೇ ಹುಡುಕಿದರೆ ನಂಬುತ್ತಾರೆ.

ಪ್ರಮಾಣದ ಮಾತೂ ಬಂತು. ‘ಕ್ಲಾರ್ಕ್ಸ್‌ವರ್ಲ್ಡ್’ನಂಥ ಪತ್ರಿಕೆಗೆ ತಿಂಗಳಿಗೆ ಸಾವಿರಕ್ಕೂ ಹೆಚ್ಚು ಕಥೆಗಳು ಬರುತ್ತವೆ, ಅಚ್ಚಾಗುವುದು ಬೆರಳೆಣಿಕೆಯಷ್ಟು, 2023ರ ಫೆಬ್ರುವರಿಯಲ್ಲಂತೂ ಕೃತಕ ಬುದ್ಧಿಮತ್ತೆಯಿಂದ (ಎಐ) ಬರೆಸಿದ ಕಥೆಗಳ ಹಾವಳಿಗೆ ಅದು ಸ್ವೀಕಾರವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಹದಿನೈದನೆಯ ಮಿಂಚಂಚೆಯನ್ನೂ ಆಗ ಮತ್ತೆ ತೆರೆದೆವು. ಕೆರೆಯ ದನಿ ತಮಗೆ ಹಿಡಿಸಿತೆಂದೂ, ಮುಂದಿನ ಕಥೆಯನ್ನು ಕಳುಹಿಸಬೇಕೆಂದೂ ಅದರಲ್ಲಿ ಒಂದು ಸಾಲಿತ್ತು. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹೋಗುವ ಉತ್ತರದಲ್ಲಿ ಕೆರೆಯ ಹೆಸರು ಬರುವುದಿಲ್ಲ. ನಸುಕಿನಲ್ಲಿ ಓದಿದ್ದರಿಂದ ಅವರು ಮೊದಲ ಸಾಲನ್ನು ದಾಟಿರಲೇ ಇಲ್ಲ.

ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಕವರ್ ಲೆಟರಿನದು. ಕೃತಿಯ ಹೆಸರು, ಪದಸಂಖ್ಯೆ, ಹಿಂದೆ ಪ್ರಕಟವಾದದ್ದಿದ್ದರೆ ಅದು; ಅಷ್ಟೇ ಸಾಕು. ಆಹ್ವಾನ ಇಂಥ ಸಮುದಾಯದವರಿಗೆ ಎಂದಿದ್ದರೆ, ತಾನು ಅದಕ್ಕೆ ಸೇರಿದವಳು ಎಂಬ ಒಂದು ವಾಕ್ಯ, ಅದೂ ಮನಸ್ಸಿದ್ದರೆ ಮಾತ್ರ. ಗಾಯವನ್ನು ಬಿಚ್ಚಿ ತೋರಿಸುವುದು ಅರ್ಜಿಯ ಷರತ್ತಲ್ಲ. ಆ ಒಂದೂವರೆ ಪುಟ ಸಂಪಾದಕರಿಗೆ ಹೋಗುವ ಬದಲು ನಮ್ಮ ಭೇಟಿಗಳಿಗೆ ಬರಲಿ ಎಂದೆ. ಜೊತೆಗೆ, ಯಾರನ್ನು ಕರೆದಿದ್ದಾರೆ ಎಂಬುದನ್ನು ಮಾರ್ಗಸೂಚಿಯಲ್ಲಿ ಓದಿಯೇ ಕಳುಹಿಸಬೇಕು: ಫಾಯಾ ಇವರಿಗಲ್ಲ, ಆದರೆ 2000ದಿಂದ ಕಥೆ, ಕವಿತೆ ಎರಡನ್ನೂ ಪ್ರಕಟಿಸುತ್ತಿರುವ ‘ಸ್ಟ್ರೇಂಜ್ ಹೊರೈಜನ್ಸ್’ ಇವರಿಗೂ ತೆರೆದಿದೆ.

ಮನೆಯವರಿಗೂ ಆಫೀಸಿನವರಿಗೂ ಗೊತ್ತಾಗುವ ಭಯವಿತ್ತು. ಕಾವ್ಯನಾಮದಲ್ಲಿ ಅಚ್ಚಾಗಬಹುದು, ಒಪ್ಪಂದಕ್ಕೆ ಮಾತ್ರ ನಿಜವಾದ ಹೆಸರು ಬೇಕು. ಕನ್ನಡದ ಕವಿತೆಗಳನ್ನು ಫೇಸ್‌ಬುಕ್ಕಿಗೆ ಹಾಕುವ ನಮ್ಮ ಅಭ್ಯಾಸ ಇಲ್ಲಿ ಅಡ್ಡಬರುತ್ತದೆ, ಏಕೆಂದರೆ ಅನೇಕ ಸಂಪಾದಕರ ಲೆಕ್ಕದಲ್ಲಿ ಅದು ಪ್ರಕಟವಾದಂತೆಯೇ. ಹಾಕಿದ್ದರೆ, ಇದು ಅನುವಾದ, ಮೂಲ ಹೀಗೆ ಬಂದಿತ್ತು ಎಂದು ಮೊದಲೇ ತಿಳಿಸಬೇಕು. ಓದುವುದಕ್ಕೆಂದು ಶುಲ್ಕ ಕೇಳುವ ಪತ್ರಿಕೆಗಳನ್ನು ಬಿಟ್ಟುಬಿಡಿ ಎಂದೆ. ಈ ಕ್ಷೇತ್ರದಲ್ಲಿ ಹಣ ಬರಬೇಕಾದದ್ದು ಲೇಖಕರ ಕಡೆಗೆ. ಅಮೆರಿಕದ ವಿಜ್ಞಾನಕಥಾ ಲೇಖಕರ ಸಂಘ 2019ರಲ್ಲಿ ಪದಕ್ಕೆ 8 ಸೆಂಟನ್ನು ವೃತ್ತಿಪರ ದರವೆಂದು ಗೊತ್ತುಪಡಿಸಿದೆ.

ನಿದ್ದೆಗಾಗಿ ಮಾಡಿದ್ದು ಸರಳ. ಪತ್ರಿಕೆಗಳಿಗೆಂದೇ ಬೇರೆ ಮಿಂಚಂಚೆ ಖಾತೆ ತೆರೆದರು, ಅದನ್ನು ಮೊಬೈಲಿಗೆ ಹಾಕಲಿಲ್ಲ. ಭಾನುವಾರ ತಿಂಡಿಯಾದ ಮೇಲೆ, ರೂಮ್‌ಮೇಟ್ ಮನೆಯಲ್ಲಿರುವಾಗ ಲ್ಯಾಪ್‌ಟಾಪಿನಲ್ಲಿ ನೋಡುವುದೆಂದು ಗೊತ್ತುಮಾಡಿಕೊಂಡರು.

ಆರನೆಯ ಭೇಟಿಯ ಹೊತ್ತಿಗೆ ಇನ್ನೂ ಎರಡು ತಿರಸ್ಕಾರಗಳು ಬಂದಿದ್ದವು. ಒಂದಕ್ಕೆ ಅತ್ತರಂತೆ; ಅದೇ ಸಂಜೆ ಕೆರೆಯ ಕಥೆಯನ್ನು ಬೇರೊಂದು ಪತ್ರಿಕೆಗೆ ಮೂರು ಸಾಲಿನ ಪತ್ರದೊಂದಿಗೆ ಕಳುಹಿಸಿದರಂತೆ. ಪತ್ರಿಕೆಗಳ ವಿಷಯಕ್ಕೆ ಇನ್ನು ನನ್ನ ಅಗತ್ಯವಿಲ್ಲವೆಂದು ಇಬ್ಬರೂ ಒಪ್ಪಿದೆವು. ಜಾತ್ರೆಯ ಊಟದ ವಿಷಯ ಇನ್ನೂ ಮುಗಿದಿಲ್ಲ. ಅದಕ್ಕಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಾರೆ.