ಮೊದಲಿನ ಧೈರ್ಯ ಈಗಿಲ್ಲ, ನಾನು ಕಲಿತಿದ್ದೇನಾ?

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಅಂಕ ಚೆನ್ನಾಗಿಯೇ ಬರುತ್ತಿದೆ. ಆದರೆ ಫೀಲ್ಡ್‌ವರ್ಕ್‌ನಲ್ಲಿ ಕಷ್ಟ ಹೇಳಿಕೊಳ್ಳಲು ಎದುರು ಕೂತವರು ಅತ್ತುಬಿಟ್ಟರೆ ಏನು ಹೇಳಬೇಕೆಂದೇ ತೋಚುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಥಟ್ಟನೆ ಏನಾದರೂ ಹೇಳುತ್ತಿದ್ದೆ. ನಾನು ಹಿಂದೆ ಬೀಳುತ್ತಿದ್ದೇನಾ, ಮೇಡಂ?

ಉತ್ತರ: ಇಲ್ಲಮ್ಮ. ಫೀಲ್ಡ್‌ವರ್ಕ್ ಸೂಪರ್‌ವೈಸರ್ ಆಗಿ ಬಹಳ ವರ್ಷ ವಿದ್ಯಾರ್ಥಿಗಳ ಪ್ರೋಸೆಸ್ ರೆಕಾರ್ಡಿಂಗ್, ಅಂದರೆ ನೆರವು ಕೇಳಿ ಬಂದವರ ಜೊತೆಗಿನ ಮಾತುಕತೆಯನ್ನು ನಡೆದಂತೆಯೇ ಬರೆದ ವರದಿ, ಓದಿದ್ದೇನೆ. ಕೊನೆಯ ವರ್ಷಕ್ಕೆ ಬರುವಾಗ ಮಾತು ಕಡಿಮೆಯಾದವರ ಬಗ್ಗೆ ನನಗೆ ಅಷ್ಟಾಗಿ ಚಿಂತೆಯಿಲ್ಲ. ಯಾರು ಬಂದರೂ ಅದೇ ಸಲಹೆ ಕೊಡುತ್ತಾ ಕೋರ್ಸ್ ಮುಗಿಸುವವರನ್ನು ಕಂಡರೆ ಚಿಂತೆ.

ನಿಮ್ಮ ಮೊದಲ ಪ್ರೋಸೆಸ್ ರೆಕಾರ್ಡಿಂಗ್ ಮತ್ತು ಇತ್ತೀಚಿನದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಗ್ರೇಡ್ ನೋಡಬೇಡಿ. ನೀವು ಆಡಿದ ಮಾತಿನ ಕೆಳಗೆ ಮಾತ್ರ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ‘ಧೈರ್ಯವಾಗಿರಿ’, ‘ಅವರ ಕುಡಿತ ಬಿಡಿಸಿ’ ಅಂತ ಇರಬಹುದು. ಈಗಿನದರಲ್ಲಿ ‘ಇದನ್ನು ಮನೆಯಲ್ಲಿ ಯಾರ ಹತ್ತಿರವಾದರೂ ಹೇಳಿಕೊಂಡಿದ್ದೀರಾ?’ ಅಂತ ಒಂದೇ ಪ್ರಶ್ನೆ ಇದ್ದರೂ ಸಾಕು, ನೀವು ಮುಂದೆ ಬಂದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಏನಾಯಿತು ಎಂದು ಬರೆದಿದ್ದೀರಾ, ಅದನ್ನೂ ನೋಡಿ. ‘ಸಮಾಧಾನ ಹೇಳಿದೆ’ ಎಂದು ಮುಗಿಸುತ್ತಿದ್ದವರು ‘ಅವರು ಅತ್ತಾಗ ನನಗೆ ಗಾಬರಿಯಾಯಿತು, ಮಾತು ಬದಲಿಸಬೇಕು ಅನ್ನಿಸಿತು’ ಎಂದು ಬರೆಯತೊಡಗಿದರೆ ನಾನು ತುಂಬಾ ಖುಷಿಪಡುತ್ತೇನೆ.

ಕೇಸ್‌ವರ್ಕ್‌ಗೆ, ಅಂದರೆ ಒಬ್ಬೊಬ್ಬರ ಜೊತೆ ಕೂತು ನೆರವಾಗುವ ಕೆಲಸಕ್ಕೆ, ಸಮಾಜಕಾರ್ಯದ ಲೇಖಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಕೊಟ್ಟ 7 ತತ್ವಗಳನ್ನು ಪರೀಕ್ಷೆಯಲ್ಲಿ ಬರೆದೇ ಇರುತ್ತೀರಿ. ಭಾವನೆಗೆ ಸ್ಪಂದಿಸಬೇಕು, ಅದರಲ್ಲೇ ಕೊಚ್ಚಿಹೋಗಬಾರದು ಎಂಬುದು ಅವುಗಳಲ್ಲಿ ಒಂದು. ಅದು ಬಾಯಿಪಾಠದಿಂದ ಬರುವುದಿಲ್ಲ, ಅಲ್ವಾ? ತನ್ನ ದಾರಿಯನ್ನು ಕ್ಲೈಂಟ್ (ನೆರವು ಕೇಳಿ ಬಂದವರು) ತಾನೇ ಆರಿಸಿಕೊಳ್ಳಬೇಕು ಎಂಬುದು ಇನ್ನೊಂದು. ನಾವು ಅವಸರದಲ್ಲಿ ಸಲಹೆ ಕೊಟ್ಟರೆ ಮೊದಲು ಹೋಗುವುದೇ ಅದು.

ಆದರೆ ಸುಮ್ಮನಿರುವುದರಲ್ಲೂ ಎರಡು ಬಗೆಯಿದೆ. ನೀವು ಸುಮ್ಮನಾದ ಮೇಲೆ ಅವರು ಕಣ್ಣೊರೆಸಿಕೊಂಡು ಮಾತು ಮುಂದುವರಿಸಿದರಾ, ಇಲ್ಲ ಎದ್ದುಹೋದರಾ? ಎದ್ದುಹೋಗಿದ್ದರೆ ಆ ರೆಕಾರ್ಡಿಂಗನ್ನೇ ಹಿಡಿದು ಸೂಪರ್‌ವೈಸರ್ ಹತ್ತಿರ ಹೋಗಿ. ಅದೇ ಮಾತುಕತೆಯನ್ನು ರೋಲ್‌ಪ್ಲೇ ಮಾಡಿಸಿ ಎಂದು ಕೇಳಿ. ಒಮ್ಮೆ ನೀವು ಕ್ಲೈಂಟ್ ಆಗಿ ಕೂತು ನೋಡಿ, ಎದುರಿನವರ ಮೌನ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಕೇಳಿದ ಕಷ್ಟ ರಾತ್ರಿ ನಿದ್ದೆಗೂ ಬಿಡದಿದ್ದರೆ ಅದನ್ನೂ ಹೇಳಿಕೊಳ್ಳಿ. ಸೂಪರ್‌ವಿಷನ್ ಇರುವುದು ಅದಕ್ಕೂ ಹೌದು.

ಒಂದು ಕಡೆ ಮಾತ್ರ ಸುಮ್ಮನಿರಬೇಡಿ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಸುಳಿವು ಸಿಕ್ಕರೂ ಅಷ್ಟೇ. ಅವರನ್ನು ಒಂಟಿಯಾಗಿ ಬಿಡದೆ, ಆಗಲೇ ಏಜೆನ್ಸಿಯ (ನೀವು ಫೀಲ್ಡ್‌ವರ್ಕ್ ಮಾಡುವ ಸಂಸ್ಥೆಯ) ಸೂಪರ್‌ವೈಸರ್‌ಗೆ ತಿಳಿಸಿ. ಇದು ನೀವೊಬ್ಬರೇ ಹೊರಬೇಕಾದ ಭಾರ ಅಲ್ಲ.