ಊಟವೇ ಇಲ್ದಿದ್ಮೇಲೆ

ಮೇಡಂ, ನಮಸ್ಕಾರ.

ನಿಮ್ಮ ಕಾಗದ ಬಂದು ಹದಿನೈದು ದಿನ ಆಯ್ತು. ಎರಡು ಸಲ ಉತ್ತರ ಬರೆಯೋಕೆ ಕೂತೆ, ಮೊದಲ್ನೇದು ಜಗಳದ ಥರ ಬಂತು, ಎರಡ್ನೇದು ತಪ್ಪೊಪ್ಪಿಗೆ ಥರ ಬಂತು, ಎರಡನ್ನೂ ಹರಿದು ಬಿಸಾಕಿದೆ. ಇದು ಮೂರ್ನೇದು, ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಉಳಿದ ಓದುಗರಿಗೆ ವಿಷಯ ಗೊತ್ತಾಗ್ಲಿ ಅಂತ ಮೊದಲು ಅದನ್ನ ಹೇಳ್ಬಿಡ್ತೀನಿ. ಹೋದ ತಿಂಗಳು ನಮ್ಮ ಡಾಕ್ಟ್ರ ಅಂಕಣದಲ್ಲಿ ಒಬ್ಬ ಅಜ್ಜಿ ಪ್ರಸಂಗ ಬಂದಿತ್ತು. ಅಜ್ಜಿಗೆ ಶುಗರ್ರು, ಮಾತ್ರೆ ಕೊಟ್ರೂ ಇಳೀತಿಲ್ಲ. ಚೀಟಿಲಿ 1-0-1 ಅಂತ ಬರೆದಿದೆ, ಕಾಂಪೌಂಡರ್ರೂ ಬಾಯಲ್ಲಿ ಹೇಳಿ ಕಳ್ಸಿದಾನೆ, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟಕ್ಕೆ ಮುಂಚೆ. ತಿಂಗಳಾದ್ಮೇಲೆ ಅಜ್ಜಿ ಚೀಲ ಬಿಚ್ಚಿದ್ರೆ ರಾತ್ರಿ ಮಾತ್ರೆ ಅಷ್ಟೂ ಹಾಗೇ ಇವೆ. ಡಾಕ್ಟ್ರು ರೇಗಿದ್ರೆ ಅಜ್ಜಿ ಹೇಳಿದ್ಳಂತೆ, "ಊಟಕ್ಕೆ ಮುಂಚೆ ಅಂದ್ರಲ್ಲಪ್ಪ ನೀವು, ನಂದು ಒಪ್ಪೊತ್ತೂಟ, ರಾತ್ರಿ ಊಟವೇ ಇಲ್ಲ. ಊಟವೇ ಇಲ್ದಿದ್ಮೇಲೆ ಅದರ ಮುಂಚೆ ಎಲ್ಲಿಂದ ಬರತ್ತೆ?"

ಅಲ್ಲಿಗೆ ನಿಲ್ಲಿಸಿದ್ವಿ, ಕೆಳಗಡೆ ಒಂದು ನಗೋ ಡಾಕ್ಟ್ರ ಚಿತ್ರ ಹಾಕಿದ್ವಿ.

ನೀವು ಬರೆದಿದೀರಿ, "ಕಾಯಿಲೆ ಬಿದ್ದೋರನ್ನ ನೋಡಿ ನಗೋದು ಯಾವ ಸೀಮೆ ಹಾಸ್ಯ? ನಮ್ಮಮ್ಮನೂ ಒಪ್ಪೊತ್ತೂಟದವರೇ, ಅವರೂ ಹೀಗೇ ಮಾಡಿದ್ರು, ನಮ್ಮನೇಲಿ ಯಾರೂ ನಗ್ಲಿಲ್ಲ." ಮೂವತ್ತು ವರ್ಷ ಮೇಡಂ ಆಗಿದ್ದೋರು ಅಂತ ಕೈಬರಹ ನೋಡಿದ್ರೇ ಗೊತ್ತಾಗತ್ತೆ, ಕೆಂಪು ಇಂಕಲ್ಲಿ ಅಡಿಗೆರೆ ಬೇರೆ ಎಳೆದಿದೀರಿ.

ನಿಮ್ಮ ಮಾತು ಅರ್ಧ ಒಪ್ತೀನಿ. ಆ ಅರ್ಧದಲ್ಲಿ ನಂದೊಂದು ತಪ್ಪಿದೆ, ಅದನ್ನ ಕೊನೇಲಿ ಹೇಳ್ತೀನಿ. ಒಪ್ಪದೇ ಇರೋ ಅರ್ಧ ಮೊದಲು.

ಆಸ್ಪತ್ರೆ ಅಂದ್ರೆ ನಗಬಾರದ ಜಾಗ ಅನ್ನೋದನ್ನ ನಾನು ಒಪ್ಪಲ್ಲ. ಕನ್ನಡದಲ್ಲಿ ಹಾಸ್ಯಕ್ಕೇ ಅಂತ ನಿಂತ ಪತ್ರಿಕೆ ಅಂದ್ರೆ ಹಳಬರಿಗೆ ಮೊದಲು ನೆನಪಾಗೋದು ಕೊರವಂಜಿ. 1942ರಲ್ಲಿ ಅದನ್ನ ಶುರು ಮಾಡಿದ್ದು ಯಾರು ಹೇಳಿ? ಬೆಂಗಳೂರಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ ಡಾಕ್ಟರ್ ಎಂ. ಶಿವರಾಂ, ನಮಗೆಲ್ಲ ರಾಶಿ. ಆರ್.ಕೆ. ಲಕ್ಷ್ಮಣ್ ಇನ್ನೂ ಹುಡುಗ ಆಗಿದ್ದಾಗ ಅದರಲ್ಲಿ ಚಿತ್ರ ಬರೀತಿದ್ರು. ಇಪ್ಪತ್ತೈದು ವರ್ಷ, 1967ರ ತನಕ ನಡೀತು. ಹಗಲೆಲ್ಲ ನಾಡಿ ಹಿಡಿದು, ನಾಲಿಗೆ ಚಾಚಿ ಅಂತ ಹೇಳಿ ಸುಸ್ತಾದ ಮನುಷ್ಯ ರಾತ್ರಿ ಕೂತು ನಗೆ ಪತ್ರಿಕೆ ತಿದ್ದೋದು ಅಂದ್ರೆ ಸುಮ್ನೆ ಅಲ್ಲ, ಅವರಿಗೆ ಆ ಕಚ್ಚಾ ಮಾಲು ಎಲ್ಲಿಂದ ಬರ್ತಿತ್ತು ಅಂತೀರಿ? (ನಾನು ಸಂಪಾದಕ ಆಗಿದ್ದೇ ಆ ಹಳೇ ಸಂಚಿಕೆಗಳನ್ನ ಓದಿ ಕೆಟ್ಟಿದ್ದರಿಂದ ಅಂತ ನಮ್ಮನೆಯವರು ಈಗ್ಲೂ ಬೈತಾರೆ.)

ಪ್ರಶ್ನೆ ಏನಪ್ಪ ಅಂದ್ರೆ ಯಾರು ಯಾರನ್ನ ನೋಡಿ ನಗ್ತಿದಾರೆ ಅನ್ನೋದು. ಅದಕ್ಕೆ ನಂದೇ ಕಥೆ ಹೇಳ್ತೀನಿ. ನನಗೂ ಶುಗರ್ ಇದೆ, ಆರು ವರ್ಷ ಆಯ್ತು. ಟೆಸ್ಟ್ ಇದೆ ಅಂದ್ರೆ ಎರಡು ದಿನ ಮುಂಚೆಯಿಂದ ನಾನು ಋಷಿ. ಸೌತೆಕಾಯಿ, ಮಜ್ಜಿಗೆ, ಬೆಳಿಗ್ಗೆ ನಾಲ್ಕು ಸುತ್ತು ವಾಕಿಂಗು. ಖಾಲಿ ಹೊಟ್ಟೆ ರೀಡಿಂಗು ಫಸ್ಟ್ ಕ್ಲಾಸ್ ಬರ್ತಿತ್ತು, ಹೆಮ್ಮೆಯಿಂದ ತೋರಿಸ್ತಿದ್ದೆ. ಒಂದ್ಸಲ ಡಾಕ್ಟ್ರು ಹೇಳ್ದೆ ಕೇಳ್ದೆ ಎಚ್‌ಬಿಎ1ಸಿ ಅಂತ ಇನ್ನೊಂದು ಬರೆದ್ರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕತ್ತೆ, ಅಷ್ಟು ದಿನ ರಕ್ತದಲ್ಲಿ ಎಷ್ಟೆಷ್ಟು ಸಕ್ಕರೆ ಓಡಾಡ್ತೋ ಅದಕ್ಕೆ ತಕ್ಕ ಹಾಗೆ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟ್ಕೊಂಡಿರತ್ತೆ, ಹಾಗಾಗಿ ಅದು ಎರಡು ದಿನದ ನಾಟಕ ನೋಡಲ್ಲ, ಹಿಂದಿನ ಎರಡ್ಮೂರು ತಿಂಗಳ ಸರಾಸರಿ ಹೇಳ್ಬಿಡತ್ತೆ. ರಿಪೋರ್ಟ್ ನೋಡಿ ಡಾಕ್ಟ್ರು ಕನ್ನಡಕ ಮೇಲೆತ್ತಿ ಅಂದ್ರು, "ಉಪವಾಸ ಭಾಳ ಚೆನ್ನಾಗ್ ಮಾಡಿದೀರಿ ಸಾರ್. ಯುಗಾದಿ ಹೋಳಿಗೆ ಮಾತ್ರ ಸಾಕ್ಷಿ ಹೇಳ್ತಾ ಇದೆ." ನಕ್ಕೆ, ನಾಚಿಕೆನೂ ಆಯ್ತು. ಅದೇ ಮಾತನ್ನ ಅವರು ಮುಖ ಗಂಟಿಕ್ಕಿ "ನೀವು ಸುಳ್ಳು ಹೇಳ್ತಿದೀರಿ" ಅಂದಿದ್ರೆ ನಾನು ಡಾಕ್ಟ್ರನ್ನೇ ಬದಲಾಯಿಸ್ತಿದ್ದೆ, ಶುಗರ್ ಅಲ್ಲೇ ಇರ್ತಿತ್ತು.

ಅಂಕಣ ಈಸ್ಕೊಂಡು ಬರೋಕೆ ತಿಂಗಳಿಗೊಂದ್ಸಲ ಅರಸೀಕೆರೆ ಕಡೆ ಅವರ ಕ್ಲಿನಿಕ್ಕಿಗೆ ಹೋಗ್ತೀನಿ. ಅವರು ಯಾವತ್ತೂ ಟೈಮಿಗೆ ಬರೆದಿಟ್ಟಿರಲ್ಲ, ಪೇಷಂಟ್ ಜೊತೆ ಬೆಂಚ್ ಮೇಲೆ ಕೂತಿರ್ತೀನಿ. ಅಲ್ಲಿ ಕಿವಿಗೆ ಬೀಳೋ ಕನ್ನಡ ಇದ್ಯಲ್ಲ, ಯಾವ ಮೆಡಿಕಲ್ ಪುಸ್ತಕದಲ್ಲೂ ಇಲ್ಲ. ಚುಳುಕ್ ಅನ್ನತ್ತೆ. ಜುಂ ಅನ್ನತ್ತೆ. ನೆತ್ತಿ ಕಾಯತ್ತೆ. ಪಕ್ಕೆ ಹಿಡ್ಕೊಂಡಿದೆ. ಹೊಟ್ಟೇಲಿ ಏನೋ ಗುಳುಗುಳು. "ಸಂಕ್ಟ ಸಾರ್." ಎಲ್ಲಿ? "ಹಿಂಗೇ… ಪೂರ್ತಿ." ಪೂರ್ತಿ ಅನ್ನೋ ಜಾಗಕ್ಕೆ ಯಾವ ಎಕ್ಸ್‌ರೇ ತೆಗೀತೀರಿ?

ಎಲ್ಲಕ್ಕಿಂತ ದೊಡ್ಡ ಪದ ಅಂದ್ರೆ ಗ್ಯಾಸ್ಟ್ರಿಕ್. ಬೆನ್ನು ನೋವು, ತಲೆಸುತ್ತು, ಸೊಸೆ ಮಾತು ಬಿಟ್ಟಿದ್ದು, ಎಲ್ಲಾ ಗ್ಯಾಸ್ಟ್ರಿಕ್ಕು. ಇದನ್ನ ಹೇಳಿ ನಾವೆಲ್ಲ ನಗ್ತೀವಿ, ನಾನೂ ಒಂದು ಜೋಕ್ ರೆಡಿ ಇಟ್ಕೊಂಡಿದ್ದೆ, ಆದ್ರೆ ಒಂದಿನ ನೋಡಿದ್ದು ಹೇಳ್ತೀನಿ ಕೇಳಿ. ಕೊಬ್ರಿ ವ್ಯಾಪಾರ ಮಾಡೋ ಒಬ್ಬರು ಬಂದ್ರು, ಐವತ್ತೈದು ಇರ್ಬೋದು, ಹಣೆ ಮೇಲೆ ಬೆವರು, "ಗ್ಯಾಸ್ಟ್ರಿಕ್ ಸಾರ್, ಬೆಳಿಗ್ಗೆಯಿಂದ, ಎರಡು ಸೋಡ ಕುಡಿದೆ, ತೇಗೇ ಬರ್ತಿಲ್ಲ" ಅಂದ್ರು. ಡಾಕ್ಟ್ರು ಕ್ಯೂ ಮುರಿದು ಅವರನ್ನ ಒಳಗೆ ಕರೆದು ಮಲಗಿಸಿ "ಏನ್ ಯಜಮಾನ್ರೇ, ತಿಪಟೂರಲ್ಲಿ ಕೊಬ್ರಿ ಎಷ್ಟಕ್ಕೆ ಹೋಯ್ತು ಈ ವಾರ, ನನಗೂ ಎರಡು ಚೀಲ ಹಾಕ್ಸಿ" ಅಂತ ತಮಾಷೆ ಮಾಡ್ತಾ ಮಾಡ್ತಾನೇ ಎದೆಗೆ ಆರು ರಬ್ಬರ್ ಬಲ್ಬು, ಕೈಕಾಲಿಗೆ ಕ್ಲಿಪ್ಪು. ಬಾಗಿಲು ಅರ್ಧ ತೆಗೆದೇ ಇತ್ತು, ನಾನು ಅವರ ಮುಖನೇ ನೋಡ್ತಿದ್ದೆ. ಇಸಿಜಿ ಕಾಗದ ಹೊರಗೆ ಬರ್ತಾ ಇದ್ದ ಹಾಗೆ ಮುಖದ ನಗು ಹಾಗೇ ಇತ್ತು, ಕೈ ಮಾತ್ರ ಎರಡು ಪಟ್ಟು ಜೋರಾಗಿ ಓಡೋಕೆ ಶುರು ಆಯ್ತು. ಒಂದು ಆಸ್ಪಿರಿನ್ ಮಾತ್ರೆ ಕೈಗಿಟ್ಟು "ನುಂಗ್ಬೇಡಿ, ಅಡಿಕೆ ಥರ ಅಗೀರಿ" ಅಂದ್ರು, ಕಾಂಪೌಂಡರ್ ಅಷ್ಟೊತ್ತಿಗೆ 108ಕ್ಕೆ ಫೋನ್ ಹಚ್ಚಿದ್ದ. ಹಾಸನಕ್ಕೆ ಕಳಿಸೋ ತನಕ ಆ ಮನುಷ್ಯನಿಗೆ ತನಗೆ ಹಾರ್ಟ್ ಅಟ್ಯಾಕ್ ಆಗಿದೆ ಅನ್ನೋ ಗಾಬರಿ ಬರದ ಹಾಗೆ ಕೊಬ್ರಿ ವಿಷಯನೇ ಮಾತಾಡಿದ್ರು, ಹೆಂಡತಿಗೆ ಮಾತ್ರ ಹೊರಗೆ ಕರೆದು ನಿಜ ಹೇಳಿದ್ರು. ಅವರು ಉಳ್ಕೊಂಡ್ರು. ಆಮೇಲೆ ನನ್ನ ಗ್ಯಾಸ್ಟ್ರಿಕ್ ಜೋಕ್ ನಾನು ಎಲ್ಲೂ ಹೇಳಿಲ್ಲ.

(ಇಲ್ಲೇ ಒಂದು ಮಾತು ಸೇರಿಸ್ತೀನಿ: ಎದೆ ಹಿಂಡೋ ಹಾಗಾಗಿ ಬೆವರು ಬಂದ್ರೆ, ನೋವು ಎಡಗೈಗೋ ದವಡೆಗೋ ಹರಿದ್ರೆ ಸೋಡ ಕುಡೀತಾ ಕೂರಬೇಡಿ, ಮೊದಲು ಇಸಿಜಿ. ಶುಗರ್ ಇರೋರಿಗೆ ಕೆಲವು ಸಲ ನೋವೇ ಗೊತ್ತಾಗಲ್ಲ, ಬರೀ ಸುಸ್ತು, ಉಸಿರು ಕಟ್ಟೋದು ಅಷ್ಟೇ.)

ಕನ್ನಡದಲ್ಲಿ ಒಂದು ಚಂದ ಇದೆ ಮೇಡಂ, ನೀವು ಮಕ್ಕಳಿಗೆ ಹೇಳ್ಕೊಟ್ಟಿರ್ತೀರಿ. ಕೇಳೋದು ಅಂದ್ರೆ ಪ್ರಶ್ನೆ ಹಾಕೋದೂ ಹೌದು, ಕಿವಿಗೊಟ್ಟು ಕೂರೋದೂ ಹೌದು. ಡಾಕ್ಟ್ರಿಗೆ ಎರಡೂ ಬೇಕು, ಸಿಗೋದು ಸಾಮಾನ್ಯವಾಗಿ ಒಂದೇ. 1984ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಡಾಕ್ಟ್ರ ರೂಮಿನ ಮಾತುಕತೆ ಟೇಪ್ ಮಾಡಿ ನೋಡಿದ್ರು, ಪೇಷಂಟು ತನ್ನ ತೊಂದರೆ ಹೇಳೋಕೆ ಶುರು ಮಾಡಿ ಸರಾಸರಿ 18 ಸೆಕೆಂಡಿಗೆಲ್ಲ ಡಾಕ್ಟ್ರು ಮಧ್ಯೆ ಬಾಯಿ ಹಾಕ್ತಿದ್ರಂತೆ. ನಮ್ಮ ಕಡೆ ಇನ್ನೂ ಕಷ್ಟ, ಹೊರಗಡೆ ಅರವತ್ತು ಜನ ಕೂತಿರ್ತಾರೆ, 18 ಸೆಕೆಂಡಲ್ಲಿ ನಮ್ಮೋರು ಇನ್ನೂ "ಹೋದ್ ಮಂಗಳವಾರ ತಂಗಿ ಮನೇಗೆ ಹೋಗಿದ್ನಾ…" ಅನ್ನೋದ್ರಲ್ಲೇ ಇರ್ತಾರೆ. ಡಾಕ್ಟ್ರನ್ನ ಬೈಯೋದು ಸುಲಭ, ಆ ಕುರ್ಚೀಲಿ ಸಂಜೆ ಎಂಟರ ತನಕ ಕೂರೋದು ಸುಲಭ ಅಲ್ಲ.

ನಮ್ಮ ಡಾಕ್ಟ್ರು ಇದಕ್ಕೊಂದು ಉಪಾಯ ಮಾಡ್ಕೊಂಡಿದಾರೆ. ಚೀಟಿ ಬರೆದು, ದುಡ್ಡು ಈಸ್ಕೊಂಡು, ಪೇಷಂಟು ಎದ್ದು ಬಾಗಿಲ ಹತ್ರ ಹೋಗಿ ಚಪ್ಪಲಿಗೆ ಕಾಲು ತೂರಿಸ್ತಾರಲ್ಲ, ಆಗ ಇವರು ಪೆನ್ನಿನ ಕ್ಯಾಪ್ ಹಾಕಲ್ಲ, ಕಾಯ್ತಾರೆ. ಯಾಕಂದ್ರೆ ನಿಜವಾದ ಮಾತು ಬರೋದು ಅಲ್ಲೇ. "ಅಂದ್ಹಾಗೆ ಡಾಕ್ಟ್ರೇ, ಏನಿಲ್ಲ, ಎರಡು ತಿಂಗಳಿಂದ ಮೋಶನ್ನಲ್ಲಿ ರಕ್ತ ಹೋಗ್ತಾ ಇದೆ." ಹತ್ತು ನಿಮಿಷ ಶೀತದ ಬಗ್ಗೆ ಮಾತಾಡಿದ ಮನುಷ್ಯ! ಅಥವಾ ಒಬ್ಬಾಕೆ, ಮಗುಗೆ ಕೆಮ್ಮು ಅಂತ ಬಂದವಳು, ಬಾಗಿಲಲ್ಲಿ ನಿಂತು ಬೆನ್ನು ತಿರುಗಿಸಿಕೊಂಡೇ "ನಿದ್ದೆ ಬರಲ್ಲ ಸಾರ್" ಅಂದ್ಳು. "ಬನ್ನಿ, ಕೂತ್ಕೊಳ್ಳಿ, ಈಗ ನಿಮ್ಮ ಚೀಟಿ" ಅಂದ್ರು ಇವರು, ಮಗೂನ ನನ್ನ ತೊಡೆ ಮೇಲೆ ಬಿಟ್ಟು ಅವಳು ಒಳಗೆ ಹೋದ್ಳು, ಬಾಗಿಲು ಹಾಕ್ಕೊಂಡ್ರು. ಅವತ್ತು ಅಂಕಣ ಸಿಗ್ಲಿಲ್ಲ ನನಗೆ, ಪ್ಯಾಂಟು ಒದ್ದೆ ಆಗಿದ್ದೇ ಬಂತು.

ಜನ ಇದಕ್ಕೇ ಕೈಗುಣ ಅನ್ನೋದು ಅನ್ಸತ್ತೆ. "ಟ್ಯೂಬ್ ಇಟ್ಟು ನೋಡ್ಲಿಲ್ಲ, ಕೈ ಹಿಡೀಲಿಲ್ಲ, ಮುನ್ನೂರು ರೂಪಾಯಿ ತಗೊಂಡ" ಅನ್ನೋ ದೂರು ಕೇಳಿರ್ತೀರಿ, ಅದು ದುಡ್ಡಿನ ದೂರಲ್ಲ. ಕೈಗುಣದ ಹೆಸರಲ್ಲಿ ಮೋಸನೂ ನಡೆಯತ್ತೆ ಬಿಡಿ, ಸುಸ್ತು ಅಂದ ತಕ್ಷಣ ಗ್ಲೂಕೋಸ್ ಬಾಟ್ಲಿ ನೇತು ಹಾಕೋದು. ನಮ್ಮ ಡಾಕ್ಟ್ರು ಲೆಕ್ಕ ಹೇಳಿದ್ರು: ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲೀಲಿ ಇರೋದು 25 ಗ್ರಾಂ ಸಕ್ಕರೆ, ನೂರು ಕ್ಯಾಲರಿ ಆಸುಪಾಸು, ಅಂದ್ರೆ ರಾಮನವಮಿ ಪಾನಕ ಒಂದೆರಡು ಲೋಟ. ವಾಂತಿ ನಿಲ್ಲದೇ ಬಾಯಲ್ಲಿ ಏನೂ ಇಳೀದೇ ಇರೋರಿಗೆ ಡ್ರಿಪ್ಸ್ ಬೇಕೇ ಬೇಕು, ನಡ್ಕೊಂಡು ಬಂದು "ಒಂದು ಬಾಟ್ಲಿ ಏರ್ಸಿ" ಅನ್ನೋರಿಗೆ ಪಾನಕ ಸಾಕು. ಅವರು ಇದನ್ನ ಹೇಳಿ ವಾಪಸ್ ಕಳಿಸಿದೋರು ಎದುರುಗಡೆ ಬೀದೀಲಿ ಹೋಗಿ ಏರ್ಸ್ಕೊಂಡು ಬಂದಿದ್ದೂ ಇದೆ, ಆ ಕಥೇನೂ ನಗ್ತಾ ಹೇಳ್ತಾರೆ, ಅಲ್ಲಿ ನಗೆಪಾಟಲು ಆಗೋದು ಅವರೇ.

ಈಗ ನನ್ನ ತಪ್ಪಿಗೆ ಬರ್ತೀನಿ.

ಆ ಅಜ್ಜಿ ಪ್ರಸಂಗ ಡಾಕ್ಟ್ರು ಬರೆದು ಕೊಟ್ಟಾಗ ಅಲ್ಲಿಗೆ ಮುಗಿದಿರ್ಲಿಲ್ಲ. ಇನ್ನೊಂದು ಪ್ಯಾರಾ ಇತ್ತು. ಪುಟ ಕಟ್ಟೋ ಹೊತ್ತಿಗೆ ಜಾಗ ಸಾಲ್ಲಿಲ್ಲ, ಅಜ್ಜಿ ಮಾತಿಗೇ ನಿಂತ್ರೆ ಜೋಕ್ ಚುರುಕಾಗಿರತ್ತೆ ಅಂತ ನಾನೇ ಕತ್ತರಿ ಹಾಕ್ದೆ. ಡಾಕ್ಟ್ರಿಗೆ ಹೇಳ್ಲೂ ಇಲ್ಲ. ಸಂಚಿಕೆ ನೋಡಿ ಅವರು ಫೋನ್ ಮಾಡಿ "ಅಜ್ಜೀನ ಪೆದ್ದಿ ಮಾಡ್ಬಿಟ್ರಲ್ರೀ" ಅಂದ್ರು, ಅಷ್ಟೇ, ಮುಂದಿನ ಅಂಕಣ ಇನ್ನೂ ಕೊಟ್ಟಿಲ್ಲ. ನಿಮ್ಮ ಕಾಗದ ಬಂದಿದ್ದು ಮಾರನೇ ದಿನ. ಕತ್ತರಿಸಿದ್ದನ್ನ ಅವರು ಬರೆದ ಹಾಗೇ ಇಲ್ಲಿ ಹಾಕ್ತಾ ಇದೀನಿ:

"ಕ್ಲಿನಿಕ್ಕಲ್ಲಿದ್ದೋರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಹಳೇ ಚೀಟಿ ತೆಗೆದು ನೋಡಿದ್ರೆ ನನಗೆ ಬೆವರು. ಶುಗರ್ ಇಳೀಲಿಲ್ಲ ಅಂತ ಹಿಂದಿನ ತಿಂಗಳು ನಾನೇ ಡೋಸ್ ಏರಿಸಿದ್ದೆ. ರಾತ್ರಿ ಏನಾದ್ರೂ ತಿಂತೀರಾ ಅಜ್ಜಿ ಅಂದೆ. 'ಉಪ್ಪಿಟ್ಟು, ಅವಲಕ್ಕಿ, ಎರಡು ಬಾಳೆಹಣ್ಣು, ಅದೇನು ಊಟವೇನಪ್ಪ?' ಅಂದ್ರು. ಹೌದು, ನಮ್ಮಮ್ಮನೂ ಉಪ್ಪಿಟ್ಟಿಗೆ ಊಟ ಅನ್ನಲ್ಲ, ನನಗೆ ಗೊತ್ತಿರಬೇಕಿತ್ತು, ಎಂಬಿಬಿಎಸ್ ಓದುವಾಗ ಮರೆತಿದ್ದೆ. ಏಕಾದಶಿ ದಿನ ಏನು ಮಾಡ್ತೀರಿ ಅಂದೆ. 'ಅವತ್ತು ತಿನ್ನೋದೂ ಇಲ್ಲ, ಮಾತ್ರೇನೂ ಇಲ್ಲ' ಅಂದ್ರು. ನಾನು ಕೊಟ್ಟಿದ್ದ ಮಾತ್ರೆ ಹೊಟ್ಟೆ ಖಾಲಿ ಇದ್ರೂ ಶುಗರ್ ಇಳಿಸೋ ಜಾತಿದು. ನನ್ನ ಚೀಟಿ ಪ್ರಕಾರ ತಗೊಂಡಿದ್ರೆ ಅಜ್ಜಿ ಏಕಾದಶಿ ದಿನ ದೇವರ ಮನೇಲೇ ಬಿದ್ದಿರೋರು. ಚೀಟಿ ಹರಿದು ಬೇರೆ ಬರೆದೆ. ಫೀಸ್ ಈಸ್ಕೊಳ್ಳಲಿಲ್ಲ, ಅಜ್ಜಿ ಬಿಡ್ಲಿಲ್ಲ, 'ನಿನ್ನ ಹೊಟ್ಟೆನೂ ನಡೀಬೇಕಲ್ಲಪ್ಪ' ಅಂತ ಇಪ್ಪತ್ತು ರೂಪಾಯಿ ಇಟ್ಟು ಹೋದ್ರು."

ಆ ಜಾಗದಲ್ಲಿ ಬಂದಿದ್ದು ಒಂದು ಪ್ರೆಷರ್ ಕುಕ್ಕರ್ ಜಾಹೀರಾತು. ನಿಮ್ಮ ತಾಯಿಯವರ ಕಥೆ ನೀವು ಅರ್ಧ ಸಾಲಲ್ಲಿ ಹೇಳಿ ಬಿಟ್ಟಿದೀರಿ, ಪೂರ್ತಿ ಬರೆದು ಕಳ್ಸಿ ಮೇಡಂ, ಕೆಂಪು ಇಂಕಲ್ಲೇ ಆದ್ರೂ ಸರಿ. ಅವರಿಗೆ ರಾತ್ರಿ ಮಾತ್ರೆ ಯಾವುದು ಬರೆದಿದಾರೆ ಅಂತ ಒಂದ್ಸಲ ನಿಮ್ಮ ಡಾಕ್ಟ್ರ ಹತ್ರ ಕೇಳಿ, ಏಕಾದಶಿ ವಿಷಯನೂ ಹೇಳಿ.

ಇತಿ,
ಸಂಪಾದಕ